ಕಾರ್ಡು ಹೊಸದು, ಮೋಸ ಹಳೆಯದು

ಕ್ರೆಡಿಟ್ ಕಾರ್ಡಿನಿಂದ ಒಮ್ಮೆ ಹಣ ಹೋಯಿತು. ಬ್ಯಾಂಕಿಗೆ ಹೇಳಿ ಹೊಸ ಕಾರ್ಡು ತರಿಸಿದ್ದಾಯಿತು. ತಿಂಗಳು ತುಂಬುವುದರೊಳಗೆ ಮತ್ತೆ ಹಣ ಮಾಯ! ಬೀಗ ಬದಲಿಸಿದರೂ ಕಳ್ಳ ಒಳಬಂದದ್ದು ಹೇಗೆ?

ಕಾರ್ಡಿನ ಸಂಖ್ಯೆಯಲ್ಲಿ ಸಾಮಾನ್ಯವಾಗಿ 16 ಅಂಕಿಗಳು. ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬಂದದ್ದು. ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಅವರಿಗೆ 1960ರಲ್ಲಿ ಪೇಟೆಂಟ್ ತಂದ ಈ ಸೂತ್ರ ಬರೆಯುವಾಗಿನ ತಪ್ಪನ್ನು ಹಿಡಿಯುತ್ತದೆ, ಕಳ್ಳನನ್ನಲ್ಲ. ಸಂಖ್ಯೆ ಬರಿ ಮನೆಯ ವಿಳಾಸ. ಬೀಗದ ಕೈ ಎಂದರೆ ಪಿನ್ ಮತ್ತು ಮೊಬೈಲಿಗೆ ಬರುವ ಓಟಿಪಿ.

ಯಾರದೋ ಮಾತು ನಂಬಿ ಹಾಕಿಕೊಂಡ, ಮೊಬೈಲ್ ಪರದೆಯನ್ನು ಪರರಿಗೆ ತೋರಿಸುವ ಆ್ಯಪ್ ಹಾಗೇ ಉಳಿದರೆ ಹೊಸ ಕಾರ್ಡಿನ ಓಟಿಪಿಯೂ ಅವರ ಕಣ್ಣಿಗೆ ಬೀಳಬಹುದು. ಆದ್ದರಿಂದ ಕಾರ್ಡಿನೊಂದಿಗೆ ಆ ಆ್ಯಪನ್ನೂ ತೆಗೆಯಬೇಕು, ಪಾಸ್‌ವರ್ಡ್ ಬದಲಿಸಬೇಕು.

ಹಣ ಹೋದ ಮೇಲೆ ಹೊತ್ತೇ ಮುಖ್ಯ. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದ ಮೋಸವನ್ನು, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಓಟಿಪಿಯನ್ನು ತಾನೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ಅವನದು, ಅನಂತರದ್ದು ಬ್ಯಾಂಕಿನದು. ಅಂದರೆ ತಪ್ಪು ಮಾಡಿದವನಿಗೂ ಬೇಗ ಹೇಳಿದರೆ ಲಾಭವೇ.

ಇದಕ್ಕೆ ಗುರುಮಠಕಲ್‌ನಿಂದ ಯಾದಗಿರಿಯ ಬಸ್ಸು ಕಾಯಬೇಕಿಲ್ಲ. ಮೊದಲು ಬ್ಯಾಂಕಿಗೆ, ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಆದರೆ ಅಪ್ಪನ ಕಾರ್ಡು ಬಳಸಿದ ಮಗ ಬೈಗುಳಕ್ಕೆ ಹೆದರಿ ಬಾಯಿ ಬಿಡದಿದ್ದರೆ? ಆ ಮೌನವೇ ಕಳ್ಳನಿಗೆ ಎರಡನೆಯ ಬಾಗಿಲು. ಪಾಲಕರೇ, ಮೊದಲು ಫೋನು ಮಾಡಿ, ಗದರುವುದು ಆಮೇಲಿರಲಿ.