ಬಂಗಲ್ಲದ ಬಂಗು

ಹೆಂಗಸರ ಕೆನ್ನೆಯ ಮೇಲೆ ಕಂದು ಕಲೆ ಹರಡಿದರೆ ಅದನ್ನು ಬಂಗು ಎನ್ನುವುದು ನಮ್ಮಲ್ಲಿ ವಾಡಿಕೆ. ಬಹುಮಟ್ಟಿಗೆ ಆ ಊಹೆ ಸರಿಯಾಗಿಯೂ ಇರುತ್ತದೆ. ಸಂಜಯನಗರದ ನಮ್ಮ ಬೀದಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೂ ಎಲ್ಲರೂ ಹಾಗೆಯೇ ಹೇಳಿದರು. ಹೇಳಿದವರಲ್ಲಿ ನಾನೂ ಒಬ್ಬ. ಆಕೆ ಅಂಗಡಿಯಿಂದ ಮುಲಾಮು ತಂದು ಹಚ್ಚಿಕೊಂಡಳು. ಕೆಲವು ತಿಂಗಳ ಮೇಲೆ ಬೆರಳ ಕೀಲುಗಳು ಊದಿ, ಬೆಳಿಗ್ಗೆ ರೊಟ್ಟಿ ತಟ್ಟುವುದೂ ಆಗದಾದಾಗ ವೈದ್ಯರಲ್ಲಿಗೆ ಹೋದಳು. ಅವರು ಮೊದಲು ಮೂತ್ರಪರೀಕ್ಷೆ ಮಾಡಿಸಿದರು. ಮುಖದ ಕಲೆಗೂ ಮೂತ್ರಕ್ಕೂ ಏನು ನಂಟೆಂದು ಮನೆಯವರು ಬೆರಗಾದರು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ರೋಗವು ಆಗಲೇ ಮೂತ್ರಪಿಂಡವನ್ನು ಮುಟ್ಟಿತ್ತು.

ಈ ರೋಗದ ಹೆಸರು ಲೂಪಸ್. ಪದದ ಬೆನ್ನು ಹತ್ತುವುದು ಕನ್ನಡ ಪಂಡಿತನ ಚಾಳಿ: ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ತೋಳ. ಇದು ಚರ್ಮಕ್ಕಷ್ಟೇ ಸೇರಿದ ರೋಗವಲ್ಲ, ಒಳಗಿನ ಅಂಗಗಳನ್ನೂ ಹಿಡಿಯಬಲ್ಲದು ಎಂಬುದನ್ನು 1872ರಲ್ಲಿ ವಿಯೆನ್ನಾದ ಕಪೋಸಿ ಎಂಬ ವೈದ್ಯರು ವಿವರಿಸಿದರು.

ರೋಗಾಣುಗಳೊಡನೆ ಕಾದಾಡಬೇಕಾದ ದೇಹದ ರಕ್ಷಣಾಪಡೆಯು ತನ್ನ ದೇಹದ ಮೇಲೆಯೇ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದ ಜೀವಕೋಶಗಳನ್ನು ಘಾಸಿಗೊಳಿಸಿದಾಗ ಅವುಗಳ ಒಳಗಿನ ವಸ್ತು ಹೊರಬೀಳುತ್ತದೆ. ಅದನ್ನೇ ಹಗೆಯೆಂದು ಬಗೆದು ಪಡೆ ಏರಿ ಬರುತ್ತದೆ. ಬೆಂಗಳೂರು ಸುಮಾರು 900 ಮೀಟರು ಎತ್ತರದಲ್ಲಿದೆ. ಹವೆ ತಂಪಾಗಿದ್ದ ಮಾತ್ರಕ್ಕೆ ಇಲ್ಲಿ ಈ ಕಿರಣಗಳು ಮೆತ್ತಗಾಗುವುದಿಲ್ಲ.

ಲೂಪಸ್‌ನ ಕಲೆ ಅನೇಕರಲ್ಲಿ ಮೂಗಿನ ಮೇಲಿಂದ ಎರಡೂ ಕೆನ್ನೆಗಳಿಗೆ ಚಿಟ್ಟೆಯ ರೆಕ್ಕೆಯಂತೆ ಹರಡುತ್ತದೆ. ಮೂಗಿನ ಹೊಳ್ಳೆಯ ಪಕ್ಕದಿಂದ ಬಾಯಿಯ ಕೊನೆಗೆ ಇಳಿಯುವ ಗೆರೆಯನ್ನು ಮಾತ್ರ ಸಾಮಾನ್ಯವಾಗಿ ಬಿಟ್ಟಿರುತ್ತದೆ. ಪುಸ್ತಕಗಳು ಅದನ್ನು ಕೆಂಪೆನ್ನುತ್ತವೆ. ಆದರೆ ನಮ್ಮಂಥವರ ಮೈಬಣ್ಣದಲ್ಲಿ ಅದು ನೇರಳೆಯಾಗಿಯೋ ಕಪ್ಪಾಗಿಯೋ ಕಾಣುವುದುಂಟು, ಮೋಸಹೋಗುವುದು ಇಲ್ಲಿಯೇ. ಬಂಗು ಊದುವುದಿಲ್ಲ, ಉರಿಯುವುದಿಲ್ಲ. ಅದರೊಡನೆ ಜ್ವರ, ಕೀಲುನೋವು, ಬಾಯಿಹುಣ್ಣು ಬರುವುದಿಲ್ಲ. ಅಂಗಡಿಯ ಮುಲಾಮಿನಲ್ಲಿ ಸ್ಟೀರಾಯ್ಡ್ ಇದ್ದರಂತೂ ಕಲೆ ತುಸು ಮಾಸಿ, ಒಳಗಿನ ಸುದ್ದಿ ಮುಚ್ಚಿಹೋಗುತ್ತದೆ.

ಇದರ ದಾಯಾದಿಗಳು ಬೇರೆ ಜಾಗ ಹಿಡಿಯುತ್ತವೆ. ಮೊಣಕೈ, ಮೊಣಕಾಲು, ತಲೆಗಳಲ್ಲಿ ಬೆಳ್ಳಿಯಂಥ ಹೊಟ್ಟು ಏಳುವುದು ಸೋರಿಯಾಸಿಸ್. ಅದೂ ಕೆಲವರ ಕೀಲಿಗೆ ಇಳಿಯುತ್ತದೆ. ರೆಪ್ಪೆಗಳು ನೇರಳೆಗಟ್ಟಿ, ಮೆಟ್ಟಲೇರಲು ತೊಡೆಯಲ್ಲಿ ಬಲವಿಲ್ಲದಿದ್ದರೆ ಅದು ಸ್ನಾಯುಗಳ ರೋಗವಿರಬಹುದು. ಇವು ಯಾವುವೂ ಅಂಟುವಂಥವಲ್ಲ.

ಲೂಪಸ್‌ಗೆ ಕೊಡುವ ಮುಖ್ಯ ಔಷಧಿಗಳಲ್ಲೊಂದಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಲೇರಿಯಾಕ್ಕೆಂದು ಹುಟ್ಟಿದ್ದು. ನನ್ನ ವಿದ್ಯಾರ್ಥಿನಿ ಈಗ ಅದರೊಡನೆ ಬೇರೆ ಮಾತ್ರೆಗಳನ್ನೂ ನುಂಗುತ್ತಾಳೆ; ವೈದ್ಯರು ಹೇಳಿದಾಗಲೆಲ್ಲ ಮೂತ್ರವನ್ನೂ ಕಣ್ಣನ್ನೂ ಪರೀಕ್ಷೆ ಮಾಡಿಸುತ್ತಾಳೆ. ಡಿಸೆಂಬರಿನ ಚಳಿಯಲ್ಲಿ ತರಕಾರಿಗೆ ಹೊರಟರೂ ಕೊಡೆ ಬಿಚ್ಚುತ್ತಾಳೆ.