ಪ್ರಯೋಗಶಾಲೆಯ ಮಾತು, ಮನಸ್ಸಿಗೆ ಮದ್ದು

1971ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮರ್ರಿ ಸಿಡ್‌ಮನ್ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ತೀವ್ರ ಬುದ್ಧಿಮಾಂದ್ಯತೆಯಿದ್ದ 17ರ ಹುಡುಗನಿಗೆ ಓದು ಬರುತ್ತಿರಲಿಲ್ಲ. ಪದ ಕೇಳಿದರೆ ತಕ್ಕ ಚಿತ್ರ ಆರಿಸುತ್ತಿದ್ದ, ಚಿತ್ರ ಕಂಡರೆ ಹೆಸರು ಹೇಳುತ್ತಿದ್ದ, ಅಷ್ಟೆ. ಕಿವಿಗೆ ಬಿದ್ದ ಪದಕ್ಕೆ ಸರಿಯಾದ ಅಚ್ಚಿನ ಪದ ಗುರುತಿಸುವುದನ್ನು ಸಿಡ್‌ಮನ್ ಕಲಿಸಿದರು. ಒಟ್ಟು 20 ಪದ. ಆಮೇಲೆ ಹುಡುಗ ಯಾರೂ ಹೇಳಿಕೊಡದೆಯೇ ಅಚ್ಚಿನ ಪದಕ್ಕೆ ಚಿತ್ರ ಹೊಂದಿಸಿದ, ಬಾಯಿಬಿಟ್ಟು ಓದಿದ.

ಕಲಿಸದ ನಂಟನ್ನು ಮನಸ್ಸು ತಾನೇ ಬೆಸೆದುಕೊಂಡದ್ದು ಹೇಗೆ? ವರ್ತನಾ ಮನಶ್ಶಾಸ್ತ್ರಜ್ಞ ಸ್ಕಿನ್ನರ್ 1957ರಲ್ಲಿ ಮಾತನ್ನು ಕುರಿತು ದೊಡ್ಡ ಪುಸ್ತಕವನ್ನೇ ಬರೆದಿದ್ದರೂ ಇದಕ್ಕೆ ಅದರಲ್ಲಿ ಸಿದ್ಧ ಉತ್ತರವಿರಲಿಲ್ಲ.

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಒಬ್ಬರು. 1978ರಲ್ಲಿ ವಿಶ್ವವಿದ್ಯಾಲಯದ ತಮ್ಮ ವಿಭಾಗದ ಸಭೆಯೊಂದರಲ್ಲಿ ಪ್ರಾಧ್ಯಾಪಕರು ಜಗಳಕ್ಕೆ ನಿಂತಿದ್ದಾಗ ಏನೋ ಹೇಳಹೊರಟ ಅವರಿಗೆ ಸ್ವರವೇ ಹೊರಡಲಿಲ್ಲ. ಅದು ಅವರ ಮೊದಲ ಪ್ಯಾನಿಕ್ ಅಟ್ಯಾಕ್. ಭಯವನ್ನು ಒದ್ದೋಡಿಸಲು ಹೋದಷ್ಟೂ ಅದು ಬಲಿಯುತ್ತಿತ್ತು.

ಇತ್ತ ಅವರ ಪ್ರಯೋಗಶಾಲೆಯಲ್ಲಿ ಗುಂಡಿ ಒತ್ತಿ ಅಂಕ ಗಳಿಸುವ ಪರೀಕ್ಷೆ ನಡೆಯುತ್ತಿತ್ತು. ಹೇಗೆ ಒತ್ತಬೇಕೆಂದು ಮೊದಲೇ ಹೇಳಿಸಿಕೊಂಡವರು, ನಿಯಮ ಬದಲಾಗಿ ನಷ್ಟವಾಗುತ್ತಿದ್ದರೂ ಹಳೆಯ ಮಾತಿಗೇ ಜೋತುಬೀಳುತ್ತಿದ್ದರು. ಕಣ್ಣೆದುರಿನ ಅನುಭವಕ್ಕಿಂತ ತಲೆಯೊಳಗಿನ ವಾಕ್ಯ ಬಲವಾಗಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಇಲ್ಲಿಯೇ ಇದೆ. 'ನನ್ನಿಂದಾಗದು' ಎಂದು ನಂಬಿದವನ ಪಾಡೂ ಇದೇ ಅಲ್ಲವೇ?

ಮಾತಿಗೆ ಈ ಬಲ ಎಲ್ಲಿಂದ ಬಂತು? ಅಮೆರಿಕದ ಐದು ಸೆಂಟಿನ ನಾಣ್ಯ ಗಾತ್ರದಲ್ಲಿ ಹತ್ತು ಸೆಂಟಿನದಕ್ಕಿಂತ ದೊಡ್ಡದು. ಎಳೆಯ ಮಗು ಐದನ್ನೇ ಬಯಸುತ್ತದೆ. ಬೆಳೆದ ಮೇಲೆ ಹತ್ತೇ 'ದೊಡ್ಡದು' ಎನ್ನುತ್ತದೆ. ಕಣ್ಣಿಗೆ ಕಾಣದ, ಸಮಾಜ ಒಪ್ಪಿದ ಇಂಥ ಸಂಬಂಧಗಳನ್ನು ಕಟ್ಟುವುದೇ ಭಾಷೆ ಎನ್ನುವುದು ಹೇಯ್ಸ್ ಮತ್ತು ಸಂಗಡಿಗರ ರಿಲೇಶನಲ್ ಫ್ರೇಮ್ ಥಿಯರಿ. ಲೆಕ್ಕ, ಕಥೆ, ಯೋಜನೆ ಎಲ್ಲವೂ ಈ ಶಕ್ತಿಯ ವರ. ಬರೀ ನೆನಪಿನಿಂದ ನೋಯುವುದೂ ಅದರಿಂದಲೇ.

ಇದರ ಜೊತೆಜೊತೆಗೇ ಬೆಳೆದದ್ದು ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ ಎಂಬ ಮನೋಚಿಕಿತ್ಸೆ. ಅದರ ಹೆಸರಾಂತ ಅಭ್ಯಾಸವೊಂದನ್ನು ಟಿಚೆನರ್ ಎಂಬ ಹಿಂದಿನ ತಲೆಮಾರಿನ ವಿಜ್ಞಾನಿಯಿಂದ ಹೇಯ್ಸ್ ಪಡೆದರು. 'ಹಾಲು' ಎಂದೊಡನೆ ಬಿಳುಪು, ತಂಪು, ರುಚಿ ನೆನಪಾಗುತ್ತವೆ. ಅದನ್ನೇ ಅರ್ಧ ನಿಮಿಷ ಬಿಡುವಿಲ್ಲದೆ, ವೇಗವಾಗಿ ಹೇಳುತ್ತಾ ಹೋದರೆ ಬರೀ ಸದ್ದು ಉಳಿಯುತ್ತದೆ. ಬಳಿಕ ರೋಗಿ ತನ್ನನ್ನು ಚುಚ್ಚುವ ಪದವನ್ನೇ ಹಾಗೆ ಹೇಳುತ್ತಾನೆ. ಆಲೋಚನೆ ಸುಳ್ಳೆಂದು ವಾದಿಸಬೇಕಿಲ್ಲ, ಅದು ಆಲೋಚನೆಯೆಂದು ಕಂಡರೆ ಸಾಕು.

1980ರ ದಶಕದಲ್ಲೇ ಸಣ್ಣ ಅಧ್ಯಯನಗಳು ಫಲ ಕೊಟ್ಟರೂ ತಂಡ ಪ್ರಚಾರಕ್ಕೆ ಹೊರಡದೆ ಸಿದ್ಧಾಂತಕ್ಕೆ ಮರಳಿತು. ಚಿಕಿತ್ಸೆಯ ಪುಸ್ತಕ 1999ರಲ್ಲಿ, ಸಿದ್ಧಾಂತದ್ದು 2001ರಲ್ಲಿ ಬಂತು. ಆ ತಾಳ್ಮೆ ದೊಡ್ಡದು. ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಈ ಚಿಕಿತ್ಸೆ ಹೆಚ್ಚು ಬಳಕೆಯಲ್ಲಿರುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಗೆ ಸರಿಸಮವೇ ಹೊರತು ಮಿಗಿಲಲ್ಲ.

ಆದರೂ ಇದು ತಲುಪಿರುವ ದೂರ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನಾಧರಿಸಿ ಐದು ಅವಧಿಗಳ ಕಾರ್ಯಕ್ರಮ ರೂಪಿಸಿತು. ಉಗಾಂಡದಲ್ಲಿದ್ದ ದಕ್ಷಿಣ ಸುಡಾನಿನ ನಿರಾಶ್ರಿತ ಮಹಿಳೆಯರು ಗುಂಪಾಗಿ ಕುಳಿತು ತಮ್ಮ ಭಾಷೆಯ ಧ್ವನಿಮುದ್ರಣ ಕೇಳಿದರು. ಕೈಯಲ್ಲಿದ್ದದ್ದು ಚಿತ್ರಗಳ ಪುಸ್ತಕ, ನಡೆಸಿದವರು ಅಲ್ಪ ತರಬೇತಿ ಪಡೆದ ಕಾರ್ಯಕರ್ತರು. ಮೂರು ತಿಂಗಳ ನಂತರ ಪರೀಕ್ಷಿಸಿದಾಗ, ಕಾರ್ಯಕ್ರಮಕ್ಕೆ ಬಂದವರ ಮಾನಸಿಕ ಯಾತನೆ ಉಳಿದವರದ್ದಕ್ಕಿಂತ ಕಡಿಮೆಯಾಗಿತ್ತು.