ಅಕ್ಕಲಕೋಟೆಗೆ ಯಾವ ರೋಡ್?

ಸೊಲ್ಲಾಪುರಕ್ಕೆ ವಿಮಾನ ಬರತೊಡಗಿದ ಮೇಲೆ ಹೊರಗಿನವರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಹೊಸದೊಂದು ಸೇರಿಕೊಂಡಿದೆ: ವಿಮಾನದಿಂದ ಇಳಿದು, ಟ್ಯಾಕ್ಸಿ ಹಿಡಿಯದೆ, ಅಕ್ಕಲಕೋಟೆಗೆ ಹೋಗುವುದು ಹೇಗೆ? ನಕ್ಷೆಯನ್ನು ನೋಡಿದರೆ ಇದು ಪ್ರಶ್ನೆಯೇ ಅಲ್ಲವೆನಿಸುತ್ತದೆ. ಸೊಲ್ಲಾಪುರಕ್ಕೂ ಅಕ್ಕಲಕೋಟೆಗೂ ನಡುವೆ ಇರುವುದು ನಲವತ್ತು ಕಿಲೋಮೀಟರಿನ ಆಸುಪಾಸಿನ ಅಂತರ; ರಸ್ತೆ ಅಗಲವಾಗಿದೆ, ಬಸ್ಸುಗಳು ದಿನವಿಡೀ ಓಡಾಡುತ್ತವೆ. ಆದರೂ ಹೊಸಬರು ತಡವರಿಸುತ್ತಾರೆ. ಕಷ್ಟವಿರುವುದು ದೂರದಲ್ಲಲ್ಲ, ಒಂದು ವಾಹನದಿಂದ ಇನ್ನೊಂದಕ್ಕೆ ದಾಟಿಕೊಳ್ಳುವ ಜಾಗಗಳಲ್ಲಿ ಮತ್ತು ಆ ಜಾಗಗಳಿಗೆ ಇರುವ ಹೆಸರುಗಳಲ್ಲಿ. ಹೆಸರಿನ ಮಾತು ಭಾಷೆಯ ವಿದ್ಯಾರ್ಥಿಗಳಿಗೆ ಸೇರಿದ್ದಾದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬಹುದು.

ವಿಮಾನ ನಿಲ್ದಾಣಕ್ಕೆ ವಿಶಾಲವಾದ ಬಯಲು ಬೇಕು. ಆದ್ದರಿಂದ ಅದು ಊರ ಅಂಚಿನಲ್ಲಿರುತ್ತದೆ. ಜನ ದೂರದಿಂದ ಹುಡುಕಿಕೊಂಡು ಬರುವ ತಾಣಗಳೂ ಬಹುಮಟ್ಟಿಗೆ ಊರ ಹೊರಗೆ, ಅನೇಕ ವೇಳೆ ಇನ್ನೊಂದು ದಿಕ್ಕಿನಲ್ಲಿರುತ್ತವೆ. ಸಾರ್ವಜನಿಕ ಸಾರಿಗೆಯಾದರೋ ಅಂಚಿನಿಂದ ಅಂಚಿಗೆ ಓಡುವುದಿಲ್ಲ. ನಡುವಿಗೆ ಬಂದು, ನಡುವಿನಿಂದ ಹೊರಡುತ್ತದೆ. ಬೆಂಗಳೂರಿನ ಉದಾಹರಣೆ ಪ್ರವಾಸಕ್ಕೆ ಹೋಗಿಬಂದ ವಿದ್ಯಾರ್ಥಿಗಳಿಗೆ ಪರಿಚಿತ. ದೇವನಹಳ್ಳಿಯ ಕಡೆ 2008ರಲ್ಲಿ ತೆರೆದ ವಿಮಾನ ನಿಲ್ದಾಣ ನಗರದ ಉತ್ತರಕ್ಕಿದೆ. 2005ರಿಂದ ನಡೆಯುತ್ತಿರುವ ವಂಡರ್‌ಲಾ ಮನರಂಜನಾ ಉದ್ಯಾನ ನೈಋತ್ಯದಲ್ಲಿ, ಮೈಸೂರು ರಸ್ತೆಯ ಬಿಡದಿಯ ಬಳಿ ಇದೆ. ಬಸ್ಸನ್ನೇ ನಂಬಿದವರು ಮೊದಲು ವಾಯು ವಜ್ರದಲ್ಲಿ ಮೆಜೆಸ್ಟಿಕ್ಕಿಗೆ ಬರಬೇಕು. ಅಲ್ಲಿಂದ ಬಿಡದಿಯ ಕಡೆಯ ಬಸ್ಸು ಹಿಡಿಯಬಹುದು, ಇಲ್ಲವೇ ನೇರಳೆ ಮಾರ್ಗದ ಮೆಟ್ರೋದಲ್ಲಿ 2023ರ ಅಕ್ಟೋಬರಿನಲ್ಲಿ ಸೇರ್ಪಡೆಯಾದ ಚಲ್ಲಘಟ್ಟದವರೆಗೆ ಹೋಗಿ ಮುಂದೆ ಬಸ್ಸು ಹತ್ತಬಹುದು. ದಾರಿ ಬಳಸು, ಸಮಯ ಹೆಚ್ಚು. ಆದರೆ ಪ್ರತಿಯೊಂದು ಕೊಂಡಿಯಲ್ಲೂ ಮುಂದಿನ ಬಂಡಿ ಸಿಕ್ಕೇ ಸಿಗುತ್ತದೆ. ಹಗಲುರಾತ್ರಿ ವಿಮಾನಗಳು ಇಳಿಯುವಲ್ಲಿ ಬಸ್ಸಿಗೆ ಜನರ ಕೊರತೆಯಿಲ್ಲ.

ಸೊಲ್ಲಾಪುರದ ಸ್ಥಿತಿ ಬೇರೆ. ಹೊಟಗಿ ರಸ್ತೆಯ ಈ ವಿಮಾನ ನಿಲ್ದಾಣ ಹಳೆಯದೇ. ಹಿಂದೊಮ್ಮೆ ಕೆಲಕಾಲ ಮುಂಬಯಿಗೆ ವಿಮಾನ ಹಾರಿ, ನಿಂತೂ ಹೋಗಿತ್ತು. ಮತ್ತೆ ಹಾರಾಟ ತೊಡಗುವುದಕ್ಕೆ ಸಮೀಪದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿ ಅಡ್ಡಿಯೆಂದು ವರ್ಷಗಟ್ಟಲೆ ವಾದವಿವಾದ ನಡೆದು, 2023ರ ಜೂನ್ 15ರಂದು ಅದನ್ನು ಸ್ಫೋಟಕದಿಂದ ಕೆಡವಲಾಯಿತು. ಕಬ್ಬು ಬೆಳೆಯುವ ಸದಸ್ಯರ ವಿರೋಧ ಆಗ ಸಣ್ಣದೇನಾಗಿರಲಿಲ್ಲ. ನವೀಕೃತ ಕಟ್ಟಡದ ಉದ್ಘಾಟನೆ 2024ರ ಸೆಪ್ಟೆಂಬರ್ 29ರಂದು ಆಯಿತು. 2025ರ ಜೂನ್ 9ರಂದು ಗೋವೆಗೆ, ಅದೇ ಅಕ್ಟೋಬರ್ 15ರಂದು ಮುಂಬಯಿಗೆ ವಿಮಾನ ಹೊರಟಿತು. ಇವೆಲ್ಲ ಎಪ್ಪತ್ತು ಚಿಲ್ಲರೆ ಆಸನಗಳ ಸಣ್ಣ ವಿಮಾನಗಳು. ಇಳಿದ ಎಪ್ಪತ್ತು ಜನ ಅರ್ಧ ಗಂಟೆಯೊಳಗೆ ಚದರಿಹೋಗುತ್ತಾರೆ. ಅನಂತರ ಗಂಟೆಗಟ್ಟಲೆ ಬಾಗಿಲ ಮುಂದೆ ಯಾರೂ ಇರುವುದಿಲ್ಲ. ಇಷ್ಟನ್ನೇ ನೆಚ್ಚಿ ಒಂದು ಬಸ್ಸು ಬದುಕಲಾರದು. ಆದ್ದರಿಂದ ಮೊದಲ ಕೆಲವು ಕಿಲೋಮೀಟರನ್ನು ಆಟೋದಲ್ಲಿ ಕಳೆಯುವುದೆಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಮುಗಿಲಿನ ದಾರಿಗಾಗಿ ಒಂದು ಚಿಮಣಿಯನ್ನೇ ಉರುಳಿಸಿದ ಊರು ನೆಲದ ದಾರಿಯ ಬಗ್ಗೆಯೂ ಅಷ್ಟೇ ಕಾತರದಿಂದ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಆಟೋದವನಿಗೆ ಏನೆಂದು ಹೇಳಬೇಕು? ಇಲ್ಲಿಂದ ಹೆಸರಿನ ತೊಡಕು ಆರಂಭವಾಗುತ್ತದೆ. ನಮ್ಮ ಕಡೆ ಪಟ್ಟಣದ ಬೀದಿಗಳಿಗೆ ಅವು ಮುಟ್ಟುವ ಊರಿನ ಹೆಸರಿಡುವುದು ವಾಡಿಕೆ. ಹೊಟಗಿಗೆ ಹೋಗುವುದು ಹೊಟಗಿ ರೋಡ್, ವಿಜಯಪುರಕ್ಕೆ ಹೋಗುವುದು ವಿಜಾಪುರ ರೋಡ್, ಅಕ್ಕಲಕೋಟೆಗೆ ಹೋಗುವುದು ಅಕ್ಕಲಕೋಟ ರೋಡ್. ವಿಮಾನ ನಿಲ್ದಾಣ ಹೊಟಗಿ ರೋಡಿನಲ್ಲಿದೆಯೆಂದರೆ ಹೊಟಗಿ ಎಂಬ ಊರಿನಲ್ಲಿದೆಯೆಂದು ಅರ್ಥವಲ್ಲ. ಹೊಟಗಿ ಜಂಕ್ಷನ್ ಇನ್ನೂ ಮುಂದೆ ಇದೆ. ಹೀಗೆಯೇ ಸೊಲ್ಲಾಪುರದೊಳಗೆ ಅಕ್ಕಲಕೋಟ ರೋಡ್ ಎಂದರೆ ಜವಳಿ ಕಾರ್ಖಾನೆಗಳಿರುವ ಕೈಗಾರಿಕಾ ಪ್ರದೇಶದ ಕಡೆಯ ರಸ್ತೆ. ಆದರೆ ರೈಲ್ವೆಯ ವೇಳಾಪಟ್ಟಿಯಲ್ಲಿ ಅಕ್ಕಲಕೋಟ ರೋಡ್ ಎಂಬುದು ಒಂದು ನಿಲ್ದಾಣ. ಹೊಟಗಿ, ತಿಲಾಟಿಗಳನ್ನು ದಾಟಿದ ಮೇಲೆ ಬರುವಂಥದು. ಒಂದೇ ಹೆಸರು, ಎರಡು ಜಾಗ, ಎರಡೂ ಅಕ್ಕಲಕೋಟೆಯಲ್ಲ.

ರೈಲ್ವೆಯವರು ಬಳಸುವ ಈ ರೋಡ್ ಎಂಬ ಉತ್ತರಪದವನ್ನು ಎಚ್ಚರಿಕೆಯ ಸೂಚನೆಯೆಂದೇ ಓದಬೇಕು. ನಿಲ್ದಾಣವು ಆ ಊರಿನಲ್ಲಿಲ್ಲ, ಆ ಊರಿಗೆ ಹೋಗುವ ರಸ್ತೆ ಇಲ್ಲಿ ಕೂಡುತ್ತದೆ, ಇಷ್ಟೇ ಅದರ ಅರ್ಥ. ಅಕ್ಕಲಕೋಟ ರೋಡ್‌ನಿಂದ ಅಕ್ಕಲಕೋಟೆಗೆ ಹತ್ತು ಹನ್ನೊಂದು ಕಿಲೋಮೀಟರು. ಅದೇ ಮಾರ್ಗದಲ್ಲಿ ಮುಂದೆ ಬರುವ ಗಾಣಗಾಪುರ ರೋಡ್‌ನಿಂದ ದತ್ತಕ್ಷೇತ್ರವಾದ ದೇವಲ ಗಾಣಗಾಪುರಕ್ಕೆ ಅದರ ಇಮ್ಮಡಿ. ಈ ಹಳಿಯನ್ನು ಹಾಕಿದವರು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯವರು. 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯ ಹಳಿಯೊಡನೆ ಕೂಡಿತು. ಮುಂಬಯಿಯನ್ನೂ ಮದ್ರಾಸನ್ನೂ ಜೋಡಿಸುವುದು ಅವರ ಗುರಿಯಾಗಿತ್ತೇ ಹೊರತು ದಾರಿಯ ಬದಿಯ ಸಣ್ಣ ಸಂಸ್ಥಾನವೊಂದರ ರಾಜಧಾನಿಯನ್ನು ಮುಟ್ಟುವುದಲ್ಲ. ಸ್ವಾಮಿ ಸಮರ್ಥರು ಅಕ್ಕಲಕೋಟೆಯಲ್ಲಿ ನೆಲೆಸಿದ್ದ ಕಾಲವೂ ಅದೇ. ಅವರು ಸಮಾಧಿಸ್ಥರಾದದ್ದು 1878ರಲ್ಲಿ. ಯಾತ್ರಿಕರ ಪ್ರವಾಹ ಬೆಳೆಯುವ ಮೊದಲೇ ಹಳಿ ತನ್ನ ದಾರಿ ಹಿಡಿದಾಗಿತ್ತು.

ಹೀಗಾಗಿ ಸೊಲ್ಲಾಪುರದಲ್ಲಿ ವಿಮಾನ ಇಳಿದವರಿಗೆ ರೈಲು ಸರಿಯಾದ ಆಯ್ಕೆಯಲ್ಲ. ಊರೊಳಗಿನ ರೈಲು ನಿಲ್ದಾಣಕ್ಕೆ ಬಂದು, ಅಲ್ಲಿ ನಿಲ್ಲುವ ಗಾಡಿಗಾಗಿ ಕಾದು, ಇಳಿದ ಮೇಲೆ ಮತ್ತೆ ಬಸ್ಸನ್ನೋ ಆಟೋವನ್ನೋ ಹುಡುಕಬೇಕು. ಬೆಂಗಳೂರು, ರಾಯಚೂರು, ಕಲಬುರಗಿಗಳ ಕಡೆಯಿಂದ ರೈಲಿನಲ್ಲೇ ಬರುವವರಿಗೆ ಮಾತ್ರ ಅಕ್ಕಲಕೋಟ ರೋಡ್ ಉಪಯುಕ್ತ. ಅವರೂ ಇಳಿಯುವ ಹೊತ್ತು ಹಗಲಿನದಾಗಿರುವಂತೆ ನೋಡಿಕೊಳ್ಳಬೇಕು.

ಉಳಿದದ್ದು ಎಸ್.ಟಿ. ಸೊಲ್ಲಾಪುರದ ಎಸ್.ಟಿ. ಸ್ಟ್ಯಾಂಡು ಶಿವಾಜಿ ಚೌಕದ ಬಳಿ, ಊರೊಳಗಿದೆ. ವಿಮಾನ ನಿಲ್ದಾಣ ಊರಿನ ದಕ್ಷಿಣಕ್ಕೆ; ಅಕ್ಕಲಕೋಟೆ ಆಗ್ನೇಯಕ್ಕೆ. ಅಂದರೆ ಪ್ರಯಾಣಿಕ ಮೊದಲು ಹಿಂದಕ್ಕೆ, ಊರೊಳಗೆ ಬಂದು, ಬಳಿಕ ಬಸ್ಸಿನಲ್ಲಿ ಮತ್ತೆ ಊರ ಹೊರಗೆ ಹೊರಡಬೇಕು. ಮೈಸೂರು ರಸ್ತೆಗೆ ಹೋಗುವವರು ಮೆಜೆಸ್ಟಿಕ್ಕಿಗೆ ಬಂದಂತೆಯೇ ಇದು. ಅಡ್ಡದಾರಿಯಿಂದ ಅಕ್ಕಲಕೋಟ ನಾಕಾಕ್ಕೆ ಹೋಗಿ ಅಲ್ಲೇ ಬಸ್ಸಿಗೆ ಕೈ ಮಾಡಬಹುದಲ್ಲವೇ ಎಂದು ಊರಿನವರು ಕೇಳಬಹುದು. ಬಲ್ಲವರಿಗೆ ಸರಿ. ಆದರೆ ಗಂಟುಮೂಟೆಯೊಡನೆ ಬಂದ ವಯಸ್ಸಾದವರಿಗೆ ನಾನು ಆ ಸಲಹೆ ಕೊಡಲಾರೆ: ಸ್ಟ್ಯಾಂಡಿನಲ್ಲಿ ಹತ್ತಿದವರಿಗೆ ಕೂರಲು ಜಾಗ ಸಿಗುತ್ತದೆ, ನಾಕಾದಲ್ಲಿ ಹತ್ತಿದವರಿಗೆ ಸಿಗುವ ಭರವಸೆಯಿಲ್ಲ. ಗುರುವಾರವಂತೂ ಇಲ್ಲವೇ ಇಲ್ಲ ಎನ್ನಬೇಕು.

ಸ್ಟ್ಯಾಂಡಿನ ಫಲಕಗಳು ದೇವನಾಗರಿಯಲ್ಲಿವೆ. ವೇಳೆಯ ಅಂಕಿಗಳೂ ಅನೇಕ ಕಡೆ ಹಾಗೆಯೇ. ಶಾಲೆಯಲ್ಲಿ ಹಿಂದಿ ಕಲಿತ ಕನ್ನಡಿಗರು ಅಕ್ಷರಗಳನ್ನೇನೋ ಕೂಡಿಸಿಕೊಂಡು ಓದುತ್ತಾರೆ, ಆದರೆ ಪದ ತಿಳಿಯುವುದಿಲ್ಲ. ಕರ್ನಾಟಕದ ಬಸ್ ನಿಲ್ದಾಣದಲ್ಲಿ ಅಂಕಣ ಎಂದಿರುವುದು ಇಲ್ಲಿ ಫಲಾಟ. ಅಲ್ಲಿಯ ನಿರ್ವಾಹಕ ಇಲ್ಲಿ ವಾಹಕ. ಚಾಲಕ ಮಾತ್ರ ಎರಡೂ ಕಡೆ ಚಾಲಕನೇ. ಅಲ್ಲಿ ಕೋರಿಕೆ ನಿಲುಗಡೆಯಾದದ್ದು ಇಲ್ಲಿ ವಿನಂತಿ ಥಾಂಬಾ. ವಿನಾವಾಹಕ, ವಿನಾಥಾಂಬಾ ಎಂಬ ಜೋಡಿ ಪದ ಬಸ್ಸಿನ ಮುಂದೆ ಕಂಡರೆ ಅದರಲ್ಲಿ ಟಿಕೆಟ್ ಕೊಡುವವರಿಲ್ಲ, ನಡುವೆ ನಿಲ್ಲುವುದಿಲ್ಲ ಎಂದು ತಿಳಿಯಬೇಕು. ಹತ್ತುವ ಮೊದಲೇ ಕಿಟಕಿಯಲ್ಲಿ ಚೀಟಿ ಪಡೆಯಬೇಕು. ಇದನ್ನು ಅರಿಯದೆ ಹತ್ತಿ, ಇಳಿದು, ಮತ್ತೆ ಸಾಲಿನಲ್ಲಿ ನಿಲ್ಲುವವರನ್ನು ನೀವೂ ಕಂಡಿರುತ್ತೀರಿ. ವಾಹಕ ಎಂಬ ಪದವೇ ಗಮನಾರ್ಹ: ಕನ್ನಡದಲ್ಲಿ ಅದು ವಿದ್ಯುತ್ತಿನ ಪಾಠದಲ್ಲಿ ಬರುವಂಥದು, ಮರಾಠಿಯಲ್ಲಿ ಬಸ್ಸಿನ ಬಾಗಿಲಲ್ಲಿ ನಿಂತಿರುವ ಮನುಷ್ಯ. ಎರಡೂ ಭಾಷೆ ಒಂದೇ ಸಂಸ್ಕೃತ ಭಂಡಾರದಿಂದ ಪದ ತೆಗೆದುಕೊಂಡರೂ ಬೇರೆ ಬೇರೆ ಕೆಲಸಕ್ಕೆ ಹಚ್ಚಿವೆ. ಭಾಷಾಶಾಸ್ತ್ರದ ಪತ್ರಿಕೆಯಲ್ಲಿ ಅರ್ಥವ್ಯತ್ಯಾಸಕ್ಕೆ ಉದಾಹರಣೆ ಕೇಳಿದರೆ ಇಷ್ಟು ಹತ್ತಿರದ್ದನ್ನು ಬಿಟ್ಟು ಪಠ್ಯಪುಸ್ತಕದ್ದನ್ನೇ ಏಕೆ ಬರೆಯುತ್ತೀರೋ ತಿಳಿಯದು.

ದರದ ವಿಷಯದಲ್ಲೂ ಗಡಿ ಎದುರಾಗುತ್ತದೆ. 2023ರ ಮಾರ್ಚ್ 17ರಿಂದ ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ಮಹಿಳೆಯರಿಗೆ ಅರ್ಧ ದರ. 75 ವರ್ಷ ದಾಟಿದವರಿಗೆ 2022ರಿಂದಲೇ ಉಚಿತ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಅದು ಅಲ್ಲಿಯ ಮಹಿಳೆಯರಿಗೆ, ಆ ರಾಜ್ಯದೊಳಗಿನ ಪ್ರಯಾಣಕ್ಕೆ ಮಾತ್ರ. ಸೊಲ್ಲಾಪುರ ಮತ್ತು ಅಕ್ಕಲಕೋಟೆಗಳ ನಡುವೆ ಎಸ್.ಟಿ.ಯೂ ಓಡುತ್ತದೆ, ಅಫಜಲಪುರ, ಕಲಬುರಗಿಗಳ ಕಡೆ ಹೋಗುವ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೂ ಓಡುತ್ತದೆ. ಕನ್ನಡದ ಫಲಕ ಕಂಡೊಡನೆ ನಮ್ಮದೆಂದು ಹತ್ತಿದ ಕಲಬುರಗಿಯ ತಾಯಿ ಇಲ್ಲಿ ಆಧಾರ್ ಚೀಟಿ ತೋರಿಸಿದರೂ ಪೂರ್ತಿ ದರ ತೆರಬೇಕಾಗುತ್ತದೆ. ಪಕ್ಕದ ಮರಾಠಿ ಫಲಕದ ಬಸ್ಸಿನಲ್ಲಿ ಅವರಿಗೆ ಅರ್ಧವೇ ಸಾಕಾಗುತ್ತಿತ್ತು. ಅಭಿಮಾನಕ್ಕೆ ಇಷ್ಟು ಬೆಲೆ ತೆರಬೇಕೇ ಎಂಬುದನ್ನು ಅವರವರೇ ನಿರ್ಧರಿಸಲಿ, ಆದರೆ ತಿಳಿದು ನಿರ್ಧರಿಸಲಿ.

ಈ ಎರಡು ಬಣ್ಣದ ಬಸ್ಸುಗಳು ಒಂದೇ ಸ್ಟ್ಯಾಂಡಿನಲ್ಲಿ ನಿಲ್ಲುವುದು ಸಹಜವೆಂದು ನಾವು ಭಾವಿಸಿದ್ದೇವೆ. 2025ರ ಫೆಬ್ರವರಿಯಲ್ಲಿ ಬಸ್ ಸಿಬ್ಬಂದಿಯ ಮೇಲಿನ ಹಲ್ಲೆಗಳಿಂದ ಭಾಷೆಯ ಜಗಳ ಕೆರಳಿದಾಗ ಮಹಾರಾಷ್ಟ್ರವು ಕರ್ನಾಟಕಕ್ಕೆ ಹೋಗುವ ಎಸ್.ಟಿ. ಬಸ್ಸುಗಳನ್ನು ನಿಲ್ಲಿಸಿತ್ತು. ಅಂಥ ದಿನಗಳಲ್ಲೂ ವಿಮಾನ, ರೈಲುಗಳು ಹೋಗುತ್ತಿರುತ್ತವೆ. ಮೊದಲು ನಿಲ್ಲುವುದು ಬಸ್ಸು. ಗಡಿಯಾಚೆ ಹೆಣ್ಣು ಕೊಟ್ಟವರು, ಆಸ್ಪತ್ರೆಗೆಂದು ಸೊಲ್ಲಾಪುರಕ್ಕೆ ಬರುವವರು, ದಿನವೂ ಕಾಲೇಜಿಗೆ ಓಡಾಡುವವರು ಬಳಸುವುದು ಅದನ್ನೇ.

ಸ್ಟ್ಯಾಂಡು ಬಿಟ್ಟ ಬಸ್ಸು ಅಕ್ಕಲಕೋಟ ನಾಕಾ ದಾಟಿ, ಬೀಡಿ ಕಾರ್ಮಿಕ ಹೆಣ್ಣುಮಕ್ಕಳ ಮನೆಗಳ ದೊಡ್ಡ ವಸತಿಯಿರುವ ಕುಂಭಾರಿ, ಮುಂದೆ ವಳಸಂಗ ಹಾದು ಅಕ್ಕಲಕೋಟೆ ತಲುಪುತ್ತದೆ. ಕಿವಿಗೊಟ್ಟರೆ ವಳಸಂಗ ಕಳೆಯುತ್ತಲೇ ಬಸ್ಸಿನೊಳಗಿನ ಮಾತಿನಲ್ಲಿ ಕನ್ನಡ ಹೆಚ್ಚುವುದು ಕೇಳಿಸುತ್ತದೆ. ಅಕ್ಕಲಕೋಟೆಯ ಸ್ಟ್ಯಾಂಡಿನಿಂದ ವಟವೃಕ್ಷ ದೇವಸ್ಥಾನಕ್ಕೆ ಗಟ್ಟಿಮುಟ್ಟಾದವರು ನಡೆದೇ ಹೋಗಬಹುದು, ಊಟಕ್ಕೆ ಅನ್ನಛತ್ರವಿದೆ. ಗುರುಪೌರ್ಣಿಮೆ, ದತ್ತ ಜಯಂತಿ, ಚೈತ್ರದ ಪುಣ್ಯತಿಥಿಯಂಥ ದಿನಗಳಲ್ಲಿ ಜಾದಾ ಗಾಡಿಗಳನ್ನು ಬಿಟ್ಟರೂ ನಿಂತೇ ಹೋಗುವುದಕ್ಕೆ ಸಿದ್ಧರಿರಬೇಕು.

ಮರಳುವಾಗ ಲೆಕ್ಕ ಬದಲಾಗುತ್ತದೆ. ವಿಮಾನಕ್ಕೆ ಹೋಗುವವರು ಊರೊಳಗಿನ ಸ್ಟ್ಯಾಂಡಿನವರೆಗೆ ಬರುವ ಅಗತ್ಯವಿಲ್ಲ. ಈಗ ಕುಳಿತುಕೊಳ್ಳುವ ಜಾಗದ ಚಿಂತೆಯಿಲ್ಲದಿರುವುದರಿಂದ ಅಕ್ಕಲಕೋಟ ನಾಕಾದ ಬಳಿ ಇಳಿಸಲು ವಾಹಕರಿಗೆ ಮೊದಲೇ ಹೇಳಿಟ್ಟು, ಅಲ್ಲಿಂದ ಆಟೋ ಹಿಡಿದರೆ ಊರ ನಡುವಿನ ಸಂದಣಿ ತಪ್ಪುತ್ತದೆ. ಆಟೋದವನಿಗೆ ಹೊಟಗಿ ಎಂದಷ್ಟೇ ಹೇಳಬಾರದು. ಹೊಟಗಿ ರೋಡ್, ವಿಮಾನತಳ ಎಂದು ಹೇಳಬೇಕು.